ಹೊಸ ಮಾಪ್ ಕೊಳ್ಳುವ ಮುಂಚೆ ಇದನ್ನು ಓದು

ಪ್ರೀತಿಯ ರಘು,

ನಿನ್ನ ಸ್ಟೀಮ್ ಮಾಪ್ ಹಬೆ ಬಿಡುವ ಬದಲು ತೊಟ್ಟು ತೊಟ್ಟಾಗಿ ನೀರು ಸುರಿಸುತ್ತಿದೆ, ರಿಪೇರಿಯವನು ಪಂಪ್ ಹೋಗಿದೆ ಅಂದ ಅಂತ ಬರೆದಿದ್ದೀಯ. ಸ್ವಲ್ಪ ತಡಿ ಮಾರಾಯ. ಪಂಪ್ ಹೋಗಿರಲೂಬಹುದು. ಆದರೆ ನಿಮ್ಮ ಅಪಾರ್ಟ್‌ಮೆಂಟಿನ ಬೋರ್‌ವೆಲ್ ನೀರನ್ನು ನಾನೂ ಕಂಡಿದ್ದೇನಲ್ಲ, ನನಗೆ ಅದರ ಮೇಲೇ ಜಾಸ್ತಿ ಅನುಮಾನ.

ನಿಮ್ಮ ಶವರಿನ ತೂತುಗಳ ಸುತ್ತ ಬೆಳ್ಳಗೆ ಗಟ್ಟಿ ಕಟ್ಟಿದೆಯಲ್ಲ, ಮಾಪಿನೊಳಗೂ ಅದೇ ಕೂತಿರುತ್ತದೆ. ಗಡಸು ನೀರನ್ನು ಕಾಯಿಸಿದರೆ ಅದರಲ್ಲಿ ಕರಗಿದ್ದ ಕ್ಯಾಲ್ಸಿಯಂ ಬೈಕಾರ್ಬನೇಟ್ ಒಡೆದು ಕ್ಯಾಲ್ಸಿಯಂ ಕಾರ್ಬನೇಟ್ ಆಗುತ್ತದೆ. ನೀರು ಹಬೆಯಾಗಿ ಹೋಗುತ್ತದೆ, ಇದು ಒಳಗೇ ಉಳಿಯುತ್ತದೆ. ಹೀಟರಿನ ಮೇಲೆ ಪದರ ದಪ್ಪವಾದಂತೆ ಕಾವು ನೀರಿಗೆ ಸರಿಯಾಗಿ ತಾಗುವುದಿಲ್ಲ, ಹಬೆ ಬರುವ ಸಣ್ಣ ತೂತೂ ಕಟ್ಟಿಕೊಳ್ಳುತ್ತದೆ.

ಮೊದಲು ಮಾಪಿನ ಜೊತೆ ಬಂದ ಪುಸ್ತಕ ಹುಡುಕು. ಕೆಲವು ಕಂಪನಿಯವರು ವಿನೆಗರ್ ಹಾಕಿ ಅನ್ನುತ್ತಾರೆ, ಕೆಲವರು ಹಾಕಲೇಬೇಡಿ ಅನ್ನುತ್ತಾರೆ. ಸಿಟ್ರಿಕ್ ಆಸಿಡ್ ಹಾಕಬಹುದು ಅಂತಿದ್ದರೆ ಅರ್ಧ ಲೀಟರ್ ಉಗುರುಬೆಚ್ಚಗಿನ ನೀರಿಗೆ ಒಂದು ಚಮಚ ಕಲಸಿ ಟ್ಯಾಂಕಿಗೆ ಹಾಕು. ಮಾಪಿನ ಬಟ್ಟೆ ತೆಗೆದು, ಬಾತ್‌ರೂಮಿನಲ್ಲಿ ಬಕೆಟ್ಟಿನೊಳಕ್ಕೆ ಸ್ವಲ್ಪ ಹೊತ್ತು ಹಬೆ ಬಿಡು. ಆಫ್ ಮಾಡಿ ಅರ್ಧ ಗಂಟೆ ಹಾಗೇ ಇಡು, ಆಮೇಲೆ ಉಳಿದದ್ದನ್ನೂ ಹಬೆ ಮಾಡಿ ಬಿಡು. ಮೊದಮೊದಲು ಬಿಳಿ ಚೂರುಗಳು ಬಂದರೆ ಗಾಬರಿ ಬೇಡ, ಬರಬೇಕಾದದ್ದೇ ಅದು. ಕೊನೆಗೆ ಒಳ್ಳೆ ನೀರು ತುಂಬಿಸಿ ಎರಡು ಸಲ ಓಡಿಸು.

ಈ ಕೆಲಸ ಮಾತ್ರ ಹಾಲ್‌ನಲ್ಲಿ ಮಾಡಬೇಡ. ನಿಮ್ಮದು ಮಾರ್ಬಲ್ ಅಲ್ವಾ, ಅದೂ ಕ್ಯಾಲ್ಸಿಯಂ ಕಾರ್ಬನೇಟೇ. ಹುಳಿ ಬಿದ್ದ ಕಡೆ ಹೊಳಪು ಹೋಗಿ ಮಂಕು ಕಲೆ ಉಳಿಯುತ್ತದೆ, ಎಷ್ಟು ಒರೆಸಿದರೂ ಹೋಗುವುದಿಲ್ಲ. ಅಡುಗೆಮನೆಯ ಕಡಪ ಕಲ್ಲಿಗೂ ಅದೇ ಗತಿ.

ತೂತಿಗೆ ಪಿನ್ನು ಹಾಕುವುದಾದರೆ ಪ್ಲಗ್ ಕಿತ್ತು, ಪೂರ್ತಿ ತಣ್ಣಗಾದ ಮೇಲೆ. ಮುಚ್ಚಳವನ್ನೂ ಬಿಸಿಯಿರುವಾಗ ತಿರುಗಿಸಬೇಡ, ಒಳಗೆ ಒತ್ತಡ ಇದ್ದರೆ ಕೈ ಸುಟ್ಟುಕೊಳ್ಳುತ್ತೀಯ.

ಇನ್ನು ಮುಂದೆ ಕುಡಿಯುವ ಆರ್‌ಒ ನೀರನ್ನೇ ಹಾಕು. ಆರ್‌ಒದಿಂದ ಹೊರಗೆ ಹೋಗುವ ನೀರನ್ನು ಅತ್ತಿಗೆ ನೆಲ ಒರೆಸಲು ಹಿಡಿದಿಡುತ್ತಾರೆ, ಗೊತ್ತು. ಮಾಮೂಲಿ ಮಾಪಿಗೆ ಸರಿ, ಇದಕ್ಕೆ ಬೇಡ. ಅದರಲ್ಲಿ ನಲ್ಲಿ ನೀರಿಗಿಂತ ಜಾಸ್ತಿ ಉಪ್ಪಿನಂಶ ಇರುತ್ತದೆ. ಘಮ್ಮೆನ್ನಲಿ ಅಂತ ಟ್ಯಾಂಕಿಗೆ ಫಿನಾಯಿಲ್ ಸುರಿಯುವವರೂ ಇದ್ದಾರೆ! ನೀನು ಆ ಸಾಹಸ ಮಾಡಬೇಡ. ಒರೆಸಿಯಾದ ಮೇಲೆ ಟ್ಯಾಂಕ್ ಖಾಲಿ ಮಾಡಿಡು. ಬಟ್ಟೆಯನ್ನು ಸುಮ್ನೆ ಸೋಪಿನಲ್ಲಿ ಒಗೆದರೆ ಸಾಕು. ಬಟ್ಟೆ ಮೆತ್ತಗಾಗಲು ಹಾಕುವ ದ್ರವ ಮುಟ್ಟಿಸಬೇಡ, ಮೈಕ್ರೋಫೈಬರ್ ನೀರು ಹೀರುವುದನ್ನೇ ಬಿಡುತ್ತದೆ.

ಮಾಪಿನ ಹಿಂದೆ 1500 ವಾಟ್ ಅಂತಿದ್ದರೆ ಟಿವಿ ಪಕ್ಕದ 6 ಆಂಪ್ ಪ್ಲಗ್ಗಿಗೆ ಹಾಕಬೇಡ. ನಮ್ಮ 230 ವೋಲ್ಟಿಗೆ ಅದು 6.5 ಆಂಪ್ ಎಳೆಯುತ್ತದೆ. ಗೀಸರಿನ ಥರದ 16 ಆಂಪ್ ಪ್ಲಗ್ಗೇ ಆಗಬೇಕು.

ಇಷ್ಟೆಲ್ಲ ಆದ ಮೇಲೂ ಸ್ವಿಚ್ ಹಾಕಿದಾಗ ಪಂಪಿನ ಗುರ್ ಸದ್ದೇ ಕೇಳದಿದ್ದರೆ ರಿಪೇರಿಯವನು ಹೇಳಿದ್ದು ನಿಜ ಇರಬಹುದು. ಆಗಲೂ ಹೊಸ ಮಾಪ್ ಬೇಡ, ಪಂಪ್ ಒಂದಕ್ಕೇ ಎಷ್ಟಾಗುತ್ತದೆ ಅಂತ ಕೇಳು.

ನಿನ್ನ,
ಸುರೇಶ