ಹೊಟ್ಟೆಯ ನರಗಡ್ಡೆಗೆ ಅವಸರದ ಕತ್ತರಿ ಬೇಡ

ಮಾನ್ಯರೇ,

ಬೆನ್ನುನೋವಿಗೋ ಮೂತ್ರಕೋಶದ ತೊಂದರೆಗೋ ಸ್ಕ್ಯಾನ್ ಮಾಡಿಸಿದಾಗ ಹೊಟ್ಟೆಯ ಹಿಂಭಾಗದಲ್ಲಿ, ಬೆನ್ನುಮೂಳೆಯ ಪಕ್ಕ, ನುಣ್ಣನೆಯ ಗಡ್ಡೆಯೊಂದು ಕಂಡರೆ ‘ಕ್ಯಾನ್ಸರ್ ಇರಬಹುದು, ಬೇಗ ತೆಗೆಸಿಬಿಡಿ’ ಎಂಬ ಮಾತು ಹೊರಡುತ್ತದೆ. ಅದು ಶ್ವಾನೋಮಾ ಆಗಿದ್ದರೆ ಆ ಅವಸರವೇ ಕೇಡು. ನರದ ಹೊದಿಕೆಯಿಂದ ಹುಟ್ಟುವ ಈ ಗಡ್ಡೆ ವರ್ಷಗಟ್ಟಲೆ ನಿಧಾನವಾಗಿ ಬೆಳೆಯುತ್ತದೆ, ಕ್ಯಾನ್ಸರ್ ಆಗಿ ತಿರುಗುವುದು ತೀರಾ ಅಪರೂಪ. ತಲೆ, ಕುತ್ತಿಗೆ, ಕೈಕಾಲುಗಳಲ್ಲಿ ಹೆಚ್ಚು. ಹೊಟ್ಟೆಯ ಹಿಂಭಾಗದಲ್ಲಿ ಸಿಗುವುದು ನೂರಕ್ಕೆ ಒಂದೋ ಮೂರೋ. ಅಲ್ಲಿ ಜಾಗ ಸಡಿಲ. ಹಾಗಾಗಿ ಗಡ್ಡೆ ಸಾಕಷ್ಟು ದೊಡ್ಡದಾಗುವವರೆಗೂ ರೋಗಿಗೆ ಸುಳಿವೇ ಇರದು. ಸೊಂಟನೋವು, ತೊಡೆಯ ಜೋಮು, ಮೂತ್ರನಾಳ ಒತ್ತಿ ಮೂತ್ರಪಿಂಡ ಊದಿಕೊಳ್ಳುವುದು ಎಲ್ಲ ಆಮೇಲಿನದು.

ಗಡ್ಡೆ ಇದೆಯೆಂದು ಸಿ.ಟಿ. ತೋರಿಸುತ್ತದೆ. ಆದರೆ ಅದು ಯಾವ ನರಕ್ಕೆ ಹತ್ತಿದೆ, ಬೆನ್ನುಮೂಳೆಯ ಕಿಂಡಿಯೊಳಗೆ ಬಾಲ ಚಾಚಿದೆಯೇ ಎಂಬುದಕ್ಕೆ ಎಂ.ಆರ್.ಐ. ಬೇಕು. ಬಾಲವಿದ್ದರೆ ನರಶಸ್ತ್ರಚಿಕಿತ್ಸಕರಿಲ್ಲದೆ ಕೈಹಾಕಬಾರದು. ಪೆಟ್ ಸ್ಕ್ಯಾನ್ ಮಾತ್ರ ನೋಡಿ ಕ್ಯಾನ್ಸರ್ ಎನ್ನುವುದೂ ತಪ್ಪು. ಕ್ಯಾನ್ಸರಿನಂತೆ ಶ್ವಾನೋಮಾ ಕೂಡ ಅದರಲ್ಲಿ ಚೆನ್ನಾಗಿಯೇ ಹೊಳೆಯಬಲ್ಲದು.

ಹೆಚ್ಚಾಗಿ ಬಿಟ್ಟುಹೋಗುವುದು ಮೆಟಾನೆಫ್ರಿನ್ ಪರೀಕ್ಷೆ. ಇದೇ ಜಾಗದಲ್ಲಿ ಇದೇ ವೇಷದಲ್ಲಿ ಪ್ಯಾರಾಗ್ಯಾಂಗ್ಲಿಯೋಮಾ ಎಂಬ ಇನ್ನೊಂದು ಗಡ್ಡೆ ಬರುತ್ತದೆ. ಅಡ್ರಿನಲಿನ್ ಜಾತಿಯ ಹಾರ್ಮೋನು ಸುರಿಸುವಂಥದ್ದಾದರೆ ಸೂಜಿ ಚುಚ್ಚಿದರೂ ರಕ್ತದೊತ್ತಡ ಒಮ್ಮೆಗೇ ಏರಿ ಪ್ರಾಣಕ್ಕೆ ಕುತ್ತು. ಆ ಹಾರ್ಮೋನು ಒಡೆದು ಬರುವ ಮೆಟಾನೆಫ್ರಿನ್ ಅಂಶವನ್ನು ರಕ್ತದಲ್ಲೋ 24 ಗಂಟೆಯ ಮೂತ್ರದಲ್ಲೋ ಅಳೆದರೆ ತಿಳಿಯುತ್ತದೆ. ಹೆಚ್ಚಿದ್ದರೆ ಶಸ್ತ್ರಚಿಕಿತ್ಸೆಗೆ ಮೊದಲು 7ರಿಂದ 14 ದಿನ ರಕ್ತನಾಳ ಸಡಿಲಿಸುವ ಆಲ್ಫಾ ಬ್ಲಾಕರ್ ಕೊಡಬೇಕು. ಹೃದಯ ಬಡಿತ ತಗ್ಗಿಸುವ ಬೀಟಾ ಬ್ಲಾಕರ್ ಅದಕ್ಕೂ ಮುಂಚೆ ಕೊಟ್ಟರೆ ಒತ್ತಡ ಇನ್ನೂ ಏರುತ್ತದೆ.

ಇದಾದ ಮೇಲೆಯೇ ಬಯಾಪ್ಸಿ. ಸಣ್ಣ ಸೂಜಿಯ ಎಫ್.ಎನ್.ಎ.ಸಿ.ಯಲ್ಲಿ ಬಹಳ ಸಲ ಏನೂ ತೀರ್ಮಾನವಾಗುವುದಿಲ್ಲ, ಸಿ.ಟಿ. ನೋಡಿಕೊಂಡು ಬೆನ್ನಿನ ಕಡೆಯಿಂದ ದಪ್ಪ ಸೂಜಿಯಲ್ಲಿ ಚೂರು ತೆಗೆಯುವುದು ಮೇಲು. ಹಳೆಯ ಶ್ವಾನೋಮಾದ ಜೀವಕೋಶಗಳು ವಿಕಾರವಾಗಿ ಕಂಡು ಸಾರ್ಕೋಮಾ, ಅಂದರೆ ಮೃದು ಅಂಗಾಂಶದ ಕ್ಯಾನ್ಸರ್, ಎಂಬ ವರದಿ ಬರುವ ಅಪಾಯವಿದೆ. ನರದ ಹೊದಿಕೆಯ ಜೀವಕೋಶಗಳ ಗುರುತಾದ ಎಸ್-100, ಸಾಕ್ಸ್-10 ಎಂಬ ಪ್ರೋಟೀನುಗಳೆರಡೂ ಚೂರಿನ ಉದ್ದಕ್ಕೂ ಗಾಢವಾಗಿ ಬಣ್ಣ ಹಿಡಿದರೆ ಅನುಮಾನ ಬಹುಮಟ್ಟಿಗೆ ತೀರುತ್ತದೆ.

ಹೆಸರು ಗೊತ್ತಾದರೆ ಶಸ್ತ್ರಚಿಕಿತ್ಸೆಯ ರೀತಿಯೇ ಬದಲಾಗುತ್ತದೆ. ಸಾರ್ಕೋಮಾಕ್ಕೆ ಸುತ್ತಲ ಅಂಗಾಂಶವನ್ನೂ ಸೇರಿಸಿ ತೆಗೆಯಬೇಕು. ಶ್ವಾನೋಮಾದಲ್ಲಿ ನರದ ಎಳೆಗಳು ಬಹುತೇಕ ಗಡ್ಡೆಯ ಹೊರಮೈ ಮೇಲೆ ಒಂದು ಪಕ್ಕಕ್ಕೆ ಸರಿದಿರುತ್ತವೆ. ಸಣ್ಣ ವಿದ್ಯುತ್ ಹಾಯಿಸುವ ನರ ಪ್ರಚೋದಕದಿಂದ ತಡವಿ, ಸ್ನಾಯು ಅದುರದ ಜಾಗ ಹುಡುಕಿ, ಎಳೆಗಳ ಗುಂಟ ಉದ್ದಕ್ಕೆ ಕವಚ ಸೀಳಿ, ಒಳಗಿನ ತಿರುಳನ್ನು ಬಟಾಣಿ ಸುಲಿದಂತೆ ಬಿಡಿಸಿಕೊಳ್ಳಬಹುದು. ಅಡ್ಡ ಸೀಳಿದರೆ ಎಳೆಗಳು ತುಂಡಾಗುತ್ತವೆ. ಅರಿವಳಿಕೆ ತಜ್ಞರಿಗೆ ಮೊದಲೇ ಹೇಳಿರಬೇಕು: ಸ್ನಾಯು ಸಡಿಲಿಸುವ ಔಷಧದ ಪರಿಣಾಮ ಉಳಿದಿದ್ದರೆ ಪ್ರಚೋದಕಕ್ಕೆ ಉತ್ತರವೇ ಬರುವುದಿಲ್ಲ, ನರವಿಲ್ಲವೆಂದು ತಿಳಿದು ಕತ್ತರಿಸಿಬಿಡುತ್ತೇವೆ. ತೊಡೆಯ ಫೀಮೊರಲ್ ನರ ಹೋದರೆ ಮಂಡಿ ನೇರವಾಗಿ ಚಾಚಲಾಗದು. ಬೆನ್ನುಮೂಳೆಯ ಬುಡದ ತ್ರಿಕಾಸ್ಥಿಯ ನರಗಳು ಎರಡೂ ಕಡೆ ಹೋದರೆ ಮೂತ್ರ, ಮಲದ ಹಿಡಿತವೇ ತಪ್ಪುತ್ತದೆ. ಅಲ್ಲಿನ ರಕ್ತನಾಳಗಳು ಹರಿದರೆ ರಕ್ತ ನಿಲ್ಲಿಸುವುದೂ ಕಷ್ಟ.

ಚಿಕ್ಕದಾಗಿದ್ದು, ತೊಂದರೆ ಕೊಡದೆ, ಬಯಾಪ್ಸಿಯಲ್ಲಿ ಖಚಿತವಾಗಿದ್ದರೆ ಆಗಾಗ ಎಂ.ಆರ್.ಐ. ಮಾಡಿಸುತ್ತ ಸುಮ್ಮನಿರುವುದೂ ಚಿಕಿತ್ಸೆಯೇ. ಪೂರ್ತಿ ಹೊರಬಂದ ಗಡ್ಡೆಗೆ ಕೀಮೋ, ರೇಡಿಯೇಶನ್ ಬೇಕಿಲ್ಲ. ಒಂದಕ್ಕಿಂತ ಹೆಚ್ಚು ಗಡ್ಡೆಗಳಿದ್ದರೆ, ಅಥವಾ ಕಿವಿ ಮಂದವಾಗುತ್ತಿದ್ದರೆ, ಕಿವಿಯ ನರವೂ ಸೇರಿ ಹಲವು ನರಗಳಲ್ಲಿ ಗಡ್ಡೆ ಹುಟ್ಟಿಸುವ ಎನ್.ಎಫ್.-2 ಎಂಬ ಆನುವಂಶಿಕ ಕಾಯಿಲೆಗಾಗಿ ತಪಾಸಣೆ ಮಾಡಿಸಬೇಕು.

– ಶಸ್ತ್ರಚಿಕಿತ್ಸಾ ವಿಭಾಗದ ವೈದ್ಯರು