ಮಳೆಯ ಲೆಕ್ಕ ಬಿಡದ ಸ್ನೇಹಿತರಿಗೆ

ಸ್ತನ ಕ್ಯಾನ್ಸರಿಗೆಂದು ಮೈಸೂರಿನಲ್ಲಿ ನಡೆಯುತ್ತಿದ್ದ ನನ್ನ ವಿಕಿರಣ ಚಿಕಿತ್ಸೆ ಕಳೆದ ವಾರ ಮುಗಿಯಿತು. ಶಸ್ತ್ರಚಿಕಿತ್ಸೆ, ಕೀಮೋ, ವಿಕಿರಣ ಮೂರೂ ಆದಂತಾಯಿತು. ಇನ್ನು ಕೆಲವು ವರ್ಷ ದಿನಕ್ಕೊಂದು ಮಾತ್ರೆ, ಆಗಾಗ ತಪಾಸಣೆ. ವರದಿಗಳು ಚೆನ್ನಾಗಿವೆ ಎಂದು ಡಾಕ್ಟರ್ ಹೇಳಿದ್ದಾರೆ. ಒಬ್ಬೊಬ್ಬರಿಗೂ ಫೋನ್ ಮಾಡಿ ತಿಳಿಸಬೇಕೆಂದು ಕುಳಿತೆ. ಮೊದಲ ಕರೆಯಲ್ಲೇ ಗಂಟಲು ಕಟ್ಟಿತು, ಅತ್ತ ಅಕ್ಕನೂ ಅತ್ತರು, ಇಬ್ಬರಿಗೂ ಮಾತು ಮುಂದುವರಿಯಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ನಮ್ಮ ಗುಂಪಿನ ಹೊರಗಿನವರೂ ಓದಲಿ, ಇಂಥ ಸ್ನೇಹಿತರು ಕೊಡಗಿನಲ್ಲಿದ್ದಾರೆ ಎಂದು ತಿಳಿಯಲಿ.

ಗೊತ್ತಿಲ್ಲದವರಿಗಾಗಿ ಸ್ವಲ್ಪ ಹಿನ್ನೆಲೆ. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಜರಿದು ಮಕ್ಕಂದೂರು, ಹಟ್ಟಿಹೊಳೆ, ಮುಕ್ಕೋಡ್ಲು, ಕಾಲೂರು ಕಡೆಯ ಮನೆ, ತೋಟ, ಗದ್ದೆಗಳು ಮಣ್ಣುಪಾಲಾದ ದಿನಗಳಲ್ಲಿ ನಮ್ಮ ಗುಂಪು ಹುಟ್ಟಿತು. ಯಾವ ರಸ್ತೆ ಉಳಿದಿದೆ, ಯಾರು ಯಾವ ಪರಿಹಾರ ಕೇಂದ್ರದಲ್ಲಿದ್ದಾರೆ, ಯಾವ ಅಜ್ಜಿಗೆ ಸಕ್ಕರೆ ಕಾಯಿಲೆಯ ಮಾತ್ರೆ ಬೇಕು ಎಂದು ಮೊಬೈಲಿನಲ್ಲಿ ತಿಳಿಸಲು ಯಾರೋ ಯಾರನ್ನೋ ಸೇರಿಸುತ್ತಾ ಹೋದರು. ಮಳೆ ನಿಂತಿತು, ರಸ್ತೆಗಳು ತೆರೆದವು. ಆದರೂ ಯಾರಿಗೂ ಗುಂಪು ಬಿಟ್ಟುಹೋಗುವ ಮನಸ್ಸಾಗಲಿಲ್ಲ. ನಮ್ಮಲ್ಲಿ ಹೆಸರಿಗಿಂತ ಊರೇ ಗುರುತು. ಮಾದಾಪುರದ ಅಕ್ಕ, ಭಾಗಮಂಡಲದ ಅಣ್ಣ, ಪೊನ್ನಂಪೇಟೆ ಟೀಚರ್, ಸುಂಟಿಕೊಪ್ಪದ ತಮ್ಮ. ನಾನು ಸೋಮವಾರಪೇಟೆಯವಳು.

ಕಳೆದ ಜುಲೈನಲ್ಲಿ ಎಡ ಎದೆಯಲ್ಲಿ ಒಂದು ಗಂಟು ಕೈಗೆ ಸಿಕ್ಕಿತು. ನೋವಿರಲಿಲ್ಲ. ನೋಯದಿದ್ದರೆ ಭಯವಿಲ್ಲ ಎಂಬ ಮಾತು ನಮ್ಮ ಹೆಂಗಸರ ನಡುವೆ ಬಹಳ ಓಡಾಡುತ್ತದೆ. ಸ್ತನ ಕ್ಯಾನ್ಸರಿನ ಗಂಟು ಆರಂಭದಲ್ಲಿ ಹೆಚ್ಚಾಗಿ ನೋಯುವುದೇ ಇಲ್ಲ ಎಂದು ನನಗೆ ಹೇಳಿದವರು ಗುಂಪಿನಲ್ಲಿರುವ ನರ್ಸ್ ಅಕ್ಕ. ಅಂದೇ ರಾತ್ರಿ ಫೋನ್ ಮಾಡಿ, "ನಾಳೆ ಕರೆಂಟ್ ಇರಲಿ ಬಿಡಲಿ, ಮಳೆ ಬರಲಿ ಬಿಡಲಿ, ನೀವು ಹೊರಡಬೇಕು" ಎಂದರು. ಮ್ಯಾಮೊಗ್ರಾಮ್, ಸೂಜಿ ಪರೀಕ್ಷೆ, ಫಲಿತಾಂಶ ಎಲ್ಲವೂ ಬೇಗ ಬೇಗ ಆದವು. ಅಕ್ಕಾ, ಆ ಒಂದು ಕರೆಗೆ ನಾನು ಏನು ಕೊಟ್ಟರೂ ಸಾಲದು.

ಕಾಯಿಲೆಯ ಸುದ್ದಿ ತಿಳಿದ ಮೇಲೆ ನೆಂಟರಿಷ್ಟರೆಲ್ಲ ಪ್ರೀತಿಯಿಂದಲೇ ಬಂದರು, ಪ್ರೀತಿಯಿಂದಲೇ ಅತ್ತರು. ಅವರು ಹೋದ ಮೇಲೆ ಮನೆಯಲ್ಲಿ ಕಾಯಿಲೆಯೊಂದೇ ಉಳಿಯುತ್ತಿತ್ತು. ನೀವು ಹಾಗೆ ಮಾಡಲಿಲ್ಲ. ಮೊದಲ ದಿನ ಧೈರ್ಯ ಹೇಳಿದಿರಿ, ಮರುದಿನದಿಂದ ಎಂದಿನಂತೆ ನಿಮ್ಮ ನಿಮ್ಮ ಮನೆಯ ಸುದ್ದಿ ಹೇಳತೊಡಗಿದಿರಿ. ಭಾಗಮಂಡಲದಲ್ಲಿ ಸಂಗಮ ತುಂಬಿ ರಸ್ತೆಗೆ ನೀರು ಬಂದಿದೆ. ಮಾದಾಪುರದ ಅಕ್ಕನ ಹಸು ಈದಿದೆ, ಹೆಣ್ಣು ಕರು. ಗದ್ದೆಗೆ ಆನೆ ಇಳಿದು ಸಸಿಮಡಿ ತುಳಿದಿದೆ. ಸುಂಟಿಕೊಪ್ಪದ ತಮ್ಮನ ಮಗಳು ಸೈಕಲ್ ಕಲಿತು ಮೊಣಕಾಲು ಕೆತ್ತಿಕೊಂಡಿದ್ದಾಳೆ. ಮಳೆಗಾಲದ ಮೊದಲ ಕಳಲೆ ಸಿಕ್ಕಿದೆ, ಎರಡು ದಿನ ನೀರಿನಲ್ಲಿಟ್ಟರೆ ಸಾಕೇ ಮೂರು ದಿನ ಬೇಕೇ ಎಂಬ ಚರ್ಚೆ ರಾತ್ರಿ ಹತ್ತರವರೆಗೆ ನಡೆದಿದೆ. ಶಸ್ತ್ರಚಿಕಿತ್ಸೆಗೆಂದು ನಾನು ಆಸ್ಪತ್ರೆಯಲ್ಲಿದ್ದಾಗಲೇ ಆಗಸ್ಟ್ 3 ಬಂತು, ಕಕ್ಕಡ ಹದಿನೆಂಟು, ಅಂದರೆ ಕೊಡಗಿನ ಕಕ್ಕಡ ತಿಂಗಳಲ್ಲಿ ಮದ್ದುಸೊಪ್ಪು ಎಂಬ ಔಷಧಿ ಗಿಡದ ರಸದ ಅಡುಗೆ ಮಾಡಿ ತಿನ್ನುವ ದಿನ. ಪೊನ್ನಂಪೇಟೆ ಟೀಚರ್ ಮದ್ದುಸೊಪ್ಪಿನ ಪಾಯಸದ ಫೋಟೊ ಕಳುಹಿಸಿ, "ನಿಮ್ಮ ಪಾಲಿನ ಸೊಪ್ಪಿನ ರಸ ಫ್ರಿಜ್ಜಿನಲ್ಲಿಟ್ಟಿದ್ದೇನೆ, ಬಂದಾಗ ಮಾಡಿಕೊಡುತ್ತೇನೆ" ಎಂದು ಬರೆದಿದ್ದರು. ಆ ನೇರಳೆ ಬಣ್ಣ ನೋಡುತ್ತಾ ಮಲಗಿದ್ದೆ. ಬಂದಾಗ ಎಂಬ ಪದದಲ್ಲಿ ಅವರಿಗೆ ಒಂದಿಷ್ಟೂ ಅನುಮಾನ ಇರಲಿಲ್ಲ.

ಮಳೆ ಲೆಕ್ಕದ ವಿಷಯಕ್ಕೆ ಬರುತ್ತೇನೆ, ಏಕೆಂದರೆ ನನಗೆ ಅತಿ ಹೆಚ್ಚು ಹೇಳಬೇಕಾದದ್ದು ಅದೇ.

ತೋಟದ ಮನೆಗಳಲ್ಲಿ ಮಳೆ ಅಳೆಯುವುದು ಹಿಂದಿನಿಂದ ಬಂದದ್ದು. ಲೆಕ್ಕ ಇಂಚು, ಸೆಂಟುಗಳಲ್ಲಿ. ನೂರು ಸೆಂಟಿಗೆ ಒಂದು ಇಂಚು. ನಮ್ಮ ಮಾಪಕ ಕಣದ ಅಂಚಿನಲ್ಲಿ ಒಂದು ಮರದ ಕೊರಡಿನ ಮೇಲಿದೆ. ಬೆಳಿಗ್ಗೆ ಎಂಟಕ್ಕೆ ಅದರೊಳಗಿನ ನೀರನ್ನು ಗಾಜಿನ ಅಳತೆ ಕೊಳವೆಗೆ ಸುರಿದು, ಕಣ್ಣಿನ ಮಟ್ಟಕ್ಕೆ ಹಿಡಿದು, ಗೆರೆ ನೋಡಿ ಪುಸ್ತಕದಲ್ಲಿ ಬರೆಯಬೇಕು. ನಮ್ಮ ಮಾವನವರು ಆರಂಭಿಸಿದ ಪುಸ್ತಕ, ಅವರ ನಂತರ ನನ್ನ ಕೈಗೆ ಬಂತು. ಗುಂಪಿನಲ್ಲೂ ದಿನದ ಮೊದಲ ಮಾತು ಅದೇ: "ನಮ್ಮಲ್ಲಿ 240 ಸೆಂಟು, ನಿಮ್ಮಲ್ಲಿ?" ಗೊಬ್ಬರ ಯಾವಾಗ ಹಾಕಬೇಕು, ಔಷಧಿ ಯಾವಾಗ ಸಿಂಪಡಿಸಬೇಕು ಎಂಬುದೆಲ್ಲ ಆ ಅಂಕಿಯ ಮೇಲೆ ನಿಂತಿದೆ. 2018ರ ನಂತರ ಅದಕ್ಕೆ ಇನ್ನೊಂದು ಅರ್ಥವೂ ಸೇರಿಕೊಂಡಿದೆ. ಮೇಲಿನ ಊರಿನಲ್ಲಿ ಒಂದೇ ರಾತ್ರಿ ಎಷ್ಟು ಸುರಿಯಿತು ಎಂದು ತಿಳಿದರೆ ಕೆಳಗಿನವರು ಎಚ್ಚರವಾಗಿರುತ್ತಾರೆ.

ನಾನೂ ಮನೆಯವರೂ ಮೈಸೂರಿನಲ್ಲಿದ್ದಷ್ಟು ದಿನ ಈ ಲೆಕ್ಕ ನಿಲ್ಲುತ್ತದೆ ಎಂದುಕೊಂಡಿದ್ದೆ. ವಾಪಸು ಬಂದು ಪುಸ್ತಕ ತೆರೆದರೆ ಒಂದು ಸಾಲೂ ಖಾಲಿಯಿರಲಿಲ್ಲ. ಪಕ್ಕದ ತೋಟದ ಹುಡುಗ, ಗುಂಪಿನಲ್ಲಿ ಎಲ್ಲರಿಗಿಂತ ಕಿರಿಯನು, ಬೆಳಿಗ್ಗೆ ಕಾಲೇಜಿಗೆ ಹೊರಡುವ ಮೊದಲು ಜಿಗಣೆ ಕಚ್ಚಿಸಿಕೊಂಡು ನಮ್ಮ ಕಣದವರೆಗೆ ಬಂದು ಬರೆದು ಹೋಗಿದ್ದ. ನೀಲಿ ಪೆನ್ನು, ಸ್ವಲ್ಪ ವಾಲಿದ ಅಕ್ಷರ. ಮಳೆ ಬಾರದ ದಿನವೂ ಬಿಟ್ಟಿಲ್ಲ, "ಇಲ್ಲ" ಎಂದು ಬರೆದಿದ್ದಾನೆ. ಒಂದು ಸಾಲಿನ ಪಕ್ಕದಲ್ಲಿ ಚಿಕ್ಕದಾಗಿ, "ಆಂಟಿಗೆ ಇಂದು ಎರಡನೆಯ ಕೀಮೋ" ಎಂದೂ ಇದೆ. ತಮ್ಮಾ, ನಿನಗೆ ಇದನ್ನು ಮಾಡು ಎಂದು ಯಾರೂ ಹೇಳಿರಲಿಲ್ಲ. ಮುಂದೆ ನಮ್ಮ ಮನೆಯಲ್ಲಿ ಆ ಪುಸ್ತಕವನ್ನು ಯಾರು ತೆರೆದರೂ ನಿನ್ನ ಕೈಬರಹ ಅಲ್ಲಿರುತ್ತದೆ.

ಕೀಮೋ ಮೂರು ವಾರಕ್ಕೊಮ್ಮೆ. ನಡುವೆ ಬಿಳಿ ರಕ್ತಕಣ ಇಳಿಯುವ ದಿನಗಳಲ್ಲಿ ಸೋಂಕಿನ ಭಯ, ಯಾರನ್ನೂ ಹತ್ತಿರ ಸೇರಿಸುವಂತಿಲ್ಲ. ನೀವು ಬುತ್ತಿಯನ್ನು ಜಗಲಿಯಲ್ಲಿಟ್ಟು, ಅಂಗಳದಲ್ಲಿ ಕೊಡೆ ಹಿಡಿದು ನಿಂತು, ಕಿಟಕಿಯೊಳಗಿದ್ದ ನನ್ನೊಡನೆ ಮಾತನಾಡಿ ಹೋದಿರಿ. ಬಾಯಿಗೆ ಎಲ್ಲವೂ ತುಕ್ಕು ಕಬ್ಬಿಣದಂತೆ ಆಗಿದ್ದಾಗ ಒಳಗೆ ಇಳಿದದ್ದು ಶನಿವಾರಸಂತೆಯ ಚಿಕ್ಕಮ್ಮ ಕಳುಹಿಸಿದ ಹೇರಳೆಕಾಯಿ ಉಪ್ಪಿನಕಾಯಿ ಮತ್ತು ಗಂಜಿ ಮಾತ್ರ. ಅಕ್ಟೋಬರ್‌ನಲ್ಲಿ ತುಲಾ ಸಂಕ್ರಮಣದ ದಿನದ ತಲಕಾವೇರಿ ತೀರ್ಥವನ್ನು ಭಾಗಮಂಡಲದ ಅಣ್ಣ ತಂದರು. ಆಗ ಕುದಿಸದ ನೀರು ಕುಡಿಯಬಾರದಿತ್ತು. ಹೇಗೆ ಹೇಳುವುದು ಎಂದು ನಾನು ತಡವರಿಸುತ್ತಿದ್ದರೆ ಅವರೇ, "ಕುಡಿಯುವುದು ಬೇಡಮ್ಮ, ದೇವರ ಮುಂದಿಡಿ, ಕಾವೇರಮ್ಮನಿಗೆ ಎಲ್ಲ ಗೊತ್ತಾಗುತ್ತದೆ" ಎಂದರು.

ಡಿಸೆಂಬರ್‌ನಲ್ಲಿ ಅರೇಬಿಕಾ ಹಣ್ಣಾಯಿತು. ಹಣ್ಣು ಗಿಡದಲ್ಲೇ ಉಳಿದರೆ ಉದುರುತ್ತದೆ, ಉದುರಿದ್ದರಲ್ಲಿ ಕಾಯಿಕೊರಕ ಹುಳು ಹೆಚ್ಚುತ್ತದೆ. ಕೆಲಸಕ್ಕೆ ಜನ ಸಿಗುವುದು ಎಷ್ಟು ಕಷ್ಟ ಎಂದು ಬೆಳೆಗಾರರಿಗೆ ಹೇಳಬೇಕಾಗಿಲ್ಲ. ನಿಮ್ಮ ನಿಮ್ಮ ಕುಯಿಲು ಅರ್ಧದಲ್ಲಿರುವಾಗಲೇ ನಿಮ್ಮ ಆಳುಗಳನ್ನು ನಮ್ಮಲ್ಲಿಗೆ ಕಳುಹಿಸಿದಿರಿ. ಕಣದಲ್ಲಿ ಕಾಫಿ ಒಣಗುತ್ತಿದ್ದಾಗ ಅಕಾಲದ ಮಳೆ ಬಂತು. ಟಾರ್ಪಾಲು ಎಳೆಯಲು ಓಡಿ ಬಂದವರಲ್ಲಿ ಒಬ್ಬರು ಸ್ವಂತ ಕಣದ ಕಾಫಿಯನ್ನು ಹೆಂಡತಿ ಮಕ್ಕಳಿಗೆ ಬಿಟ್ಟು ಬಂದಿದ್ದರು ಎಂದು ನನಗೆ ತಿಳಿದದ್ದು ಆಮೇಲೆ. ಬೇಡವೆಂದಿದ್ದೀರಿ, ಆದ್ದರಿಂದ ನೀವು ಯಾರೆಂದು ಬರೆಯುವುದಿಲ್ಲ.

ಹಣದ ವಿಷಯವನ್ನೂ ಹೇಳಬೇಕು, ಇದು ಬೇರೆಯವರಿಗೆ ಉಪಯೋಗಕ್ಕೆ ಬಂದೀತು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇಕಡ 30, ವರ್ಷಕ್ಕೆ 1.5 ಲಕ್ಷದವರೆಗೆ. ಪಡಿತರ ಚೀಟಿ, ಆಧಾರ್, ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಇವನ್ನೆಲ್ಲ ಜೋಡಿಸಿ ಕಡತ ಮಾಡಿಕೊಟ್ಟವನು ಸುಂಟಿಕೊಪ್ಪದ ತಮ್ಮ. ಅದರ ಪ್ರತಿ ನನ್ನಲ್ಲಿದೆ. ಯಾರಿಗೆ ಬೇಕಾದರೂ ಕೇಳಿ.

ವಿಕಿರಣಕ್ಕೆ ವಾರದಲ್ಲಿ ಐದು ದಿನವೂ ಹೋಗಬೇಕು. ಸೋಮವಾರಪೇಟೆಯಿಂದ ಓಡಾಡುವುದು ಆಗದ ಮಾತು. ಕುವೆಂಪುನಗರದಲ್ಲಿರುವ, ಮೂಲತಃ ನಾಪೋಕ್ಲಿನವರಾದ ದಂಪತಿ ಮಹಡಿಯ ಕೋಣೆಯ ಕೀಲಿ ಕೊಟ್ಟರು. ಬಾಡಿಗೆಯ ಮಾತೆತ್ತಿದಾಗ ಅಕ್ಕ ಅಕ್ಕಿರೊಟ್ಟಿ ಬೇಯಿಸುತ್ತಿದ್ದವರು ತಿರುಗಿಯೂ ನೋಡಲಿಲ್ಲ. ಸಂಜೆ ಅಣ್ಣ ಊರಿನ ಹಳೆಯ ಸುದ್ದಿ ಹೇಳುತ್ತಿದ್ದರು, ನಾನು ಕೇಳುತ್ತಲೇ ನಿದ್ದೆ ಹೋಗುತ್ತಿದ್ದೆ. ಚರ್ಮ ಸುಟ್ಟಂತಾಗಿ ಉರಿಯುತ್ತಿದ್ದ ಆ ವಾರಗಳಲ್ಲಿ ನನಗೆ ಬಂದ ಒಳ್ಳೆಯ ನಿದ್ದೆ ಅದೊಂದೇ.

ಈಗ ಮನೆಯಲ್ಲಿದ್ದೇನೆ. ತಲೆಯಲ್ಲಿ ಕೂದಲು ಮೊಳೆಯುತ್ತಿದೆ. ಹೂಮಳೆ ಮೊನ್ನೆ ಒಂದು ಇಂಚಿನ ಮೇಲೆ ಬಂದಿದೆ, ಎಂಟು ಒಂಬತ್ತು ದಿನದಲ್ಲಿ ತೋಟ ಹೂವಾಗಬೇಕು. ಎಡಗೈ ಇನ್ನೂ ಪೂರ್ತಿ ಮೇಲೆ ಎತ್ತಲಾಗುವುದಿಲ್ಲ, ವ್ಯಾಯಾಮ ನಡೆಯುತ್ತಿದೆ.

ವಿರಾಜಪೇಟೆಯ ತಂಗಿಗೆ ಒಂದು ಮಾತು. ನಿಮ್ಮ ತಾಯಿಗೂ ಇದೇ ಕಾಯಿಲೆ ಎಂದು ಮೊನ್ನೆ ಬರೆದಿದ್ದಿರಿ. ಮುಂದಿನ ತಿಂಗಳ ಮೊದಲ ವಾರ ನನಗೆ ಮೈಸೂರಿನಲ್ಲಿ ತಪಾಸಣೆ ಇದೆ. ಅವರನ್ನು ಕರೆದುಕೊಂಡು ಹುಣಸೂರಿಗೆ ಬನ್ನಿ, ಅಲ್ಲಿಂದ ನಮ್ಮ ಕಾರಿನಲ್ಲೇ ಹೋಗೋಣ. ಕುವೆಂಪುನಗರದ ಅಕ್ಕನಿಗೆ ಹೇಳಿಯಾಗಿದೆ, ಕೋಣೆ ಖಾಲಿಯಿದೆ. ತಲೆಗೆ ಕಟ್ಟಲು ಮೆತ್ತನೆಯ ಹತ್ತಿ ಬಟ್ಟೆಗಳನ್ನು ಒಗೆದು ಮಡಚಿ ಇಟ್ಟಿದ್ದೇನೆ, ಅವನ್ನೂ ತರುತ್ತೇನೆ. ಅಮ್ಮನಿಗೆ ಉಪ್ಪಿನಕಾಯಿಯಲ್ಲಿ ಯಾವುದು ಇಷ್ಟ ಎಂದು ಕೇಳಿ ತಿಳಿಸಿ, ಶನಿವಾರಸಂತೆಯ ಚಿಕ್ಕಮ್ಮ ಕಾಯುತ್ತಿದ್ದಾರೆ.