ಲಕೋಟೆಯೊಳಗಿನ ಭತ್ತ

ಪ್ರೀತಿಯ ಮಗಳೇ,

ಲಕೋಟೆಯನ್ನು ಜೋಪಾನವಾಗಿ ಒಡೆ. ಒಳಗಿನ ಕಾಗದದ ಪೊಟ್ಟಣದಲ್ಲಿ ಏಳು ಭತ್ತದ ಕಾಳುಗಳಿವೆ. ಹೋದ ವರ್ಷ ನೀನು ಹಾಗೆಯೇ ಕಸದ ಬುಟ್ಟಿಗೆ ಹಾಕಿದ್ದನ್ನು ನಿನ್ನ ಅಮ್ಮ ಇನ್ನೂ ಮರೆತಿಲ್ಲ.

ಈ ಸಲ ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ ಮಂಗಳೂರಿನ ಹತ್ತಿರದ ಫರಂಗಿಪೇಟೆಗೇ ಹೋಗಿದ್ದೆವು, ನೇತ್ರಾವತಿಯ ದಡದ ಗುಡ್ಡದ ಮೇಲಿನ ಮೊಂತೆ ಮರಿಯಾನೊ ಚರ್ಚಿಗೆ, ನಮ್ಮ ಮಾತಿನಲ್ಲಿ ಇಗರ್ಜಿಗೆ. ಮೊಂತಿ ಎಂದರೆ ಕಬ್ಬು ಎಂದು ನೀನು ಚಿಕ್ಕಂದಿನಲ್ಲಿ ವಾದಿಸುತ್ತಿದ್ದೆ. ಪೂಜೆ ಮುಗಿದ ಮೇಲೆ ಮಕ್ಕಳಿಗೆ ಕಬ್ಬು ಹಂಚುತ್ತಿದ್ದರಲ್ಲ! ಅದು ಪೋರ್ಚುಗೀಸರ ಮಾತು, ಬೆಟ್ಟ ಎಂದರ್ಥ. 1526ರಲ್ಲಿ ಅಲ್ಲಿ ಇಗರ್ಜಿ ಕಟ್ಟಿದವರು ಫ್ರಾನ್ಸಿಸ್ಕನ್ ಪಾದ್ರಿಗಳು. ಈ ಹಬ್ಬವನ್ನು 1763ರಲ್ಲಿ ಅಲ್ಲಿ ಶುರುಮಾಡಿದವರು ಗೋವೆಯ ಪಾದ್ರಿ ಜೋಕಿಂ ಮಿರಾಂದ. ಮಾತೆ ಮರಿಯಳ ಹುಟ್ಟುಹಬ್ಬವನ್ನೂ ಹೊಸ ಅಕ್ಕಿಯ ಊಟವನ್ನೂ ಒಂದೇ ದಿನಕ್ಕೆ ಕಟ್ಟಿದ್ದು ಜಾಣತನ. ಗದ್ದೆಯವರ ಮನಸ್ಸು ತಿಳಿದವರ ಕೆಲಸ. 1784ರಲ್ಲಿ ಟಿಪ್ಪು ಸುಲ್ತಾನನ ಕಾಲದಲ್ಲಿ ನಮ್ಮ ಪೂರ್ವಿಕರನ್ನು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದಾಗ ಕರಾವಳಿಯ ಅನೇಕ ಇಗರ್ಜಿಗಳು ನೆಲಸಮವಾದವು. ಇದು ಉಳಿಯಿತು. ಟಿಪ್ಪುವಿನ ತಂದೆ ಹೈದರಾಲಿಗೆ ಪಾದ್ರಿ ಮಿರಾಂದರ ಮೇಲಿದ್ದ ಸ್ನೇಹವೇ ಕಾರಣ ಎನ್ನುತ್ತಾರೆ. ಸೆರೆಯ ಕಥೆಯನ್ನು ಹೇಳುವವರು ಈ ಸ್ನೇಹದ ಮಾತನ್ನು ನುಂಗಿಬಿಡುವುದು ನನಗೆ ಹಿಡಿಸುವುದಿಲ್ಲ.

ಹಬ್ಬಕ್ಕೆ ಮೊದಲಿನ ಒಂಬತ್ತು ದಿನವೂ ಮಕ್ಕಳು ತಟ್ಟೆಯಲ್ಲಿ ಹೂ ಹಿಡಿದು ಬಂದಿದ್ದರಂತೆ. ಡೇರೆ, ದಾಸವಾಳ, ಗೌರಿ ಹೂ, ಬೇಲಿಯಲ್ಲಿ ಸಿಕ್ಕಿದ್ದೆಲ್ಲ. ಹಬ್ಬದ ದಿನ ಪಾದ್ರಿಗಳು ತೆನೆಯ ಕಟ್ಟುಗಳಿಗೆ ತೀರ್ಥ ಚಿಮುಕಿಸಿದರು. ನಮ್ಮ ಗದ್ದೆ ಅಡಿಕೆ ತೋಟವಾಗಿ ಹನ್ನೆರಡು ವರ್ಷವಾಯಿತು. ಹಾಗಾಗಿ ಬೇರೆಯವರ ಗದ್ದೆಯ ತೆನೆಗೆ ನಾನೂ ಸಾಲಿನಲ್ಲಿ ನಿಂತೆ. ಸ್ವಲ್ಪ ನಾಚಿಕೆಯಾಯಿತು, ನಿಜ.

ಮನೆಯಲ್ಲಿ ಕಾಳು ಸುಲಿಯುವ ಕೆಲಸ ಈ ವರ್ಷ ನನ್ನ ಪಾಲಿಗೆ ಬಂತು. ಹೋದ ವರ್ಷದವರೆಗೆ ಅದು ಅಜ್ಜನದು. ಅವರ ಉಗುರಿಗೆ ಸಿಪ್ಪೆ ತಾನಾಗಿ ಬಿಡುತ್ತಿತ್ತು, ನನಗೆ ಅರ್ಧ ಅಕ್ಕಿಯೇ ಪುಡಿಯಾಯಿತು. ಹಾಲಿನಲ್ಲಿ ಕಲಸಿ ಎಲ್ಲರಿಗೂ ಒಂದೊಂದು ಚಮಚ ಕೊಟ್ಟೆ. ಆಮೇಲೆ ಬಾಳೆಲೆಯಲ್ಲಿ ಸಸ್ಯಾಹಾರದ ಊಟ: ಕೆಸುವಿನ ದಂಟು, ಹರಿವೆ, ಬೆಂಡೆ, ಪಾಯಸ. ಮೀನಿಲ್ಲದ ಹಬ್ಬವೇ ಎಂದು ನಿನ್ನ ಚಿಕ್ಕಪ್ಪ ಎಂದಿನಂತೆ ಗೊಣಗಿದ, ಎಂದಿನಂತೆ ಮೂರು ಸಲ ಬಡಿಸಿಕೊಂಡ.

ಕಾಳುಗಳನ್ನು ಸುಲಿದು, ಜಜ್ಜಿ, ಹಾಲಿಗೆ ಹಾಕಿಕೋ. ಪ್ಯಾಕೆಟ್ ಹಾಲಾದರೂ ನಡೆಯುತ್ತದೆ. ಅದನ್ನು ತಿನ್ನುವ ದಿನ ಮೊದಲ ತುತ್ತು ಅದೇ ಆಗಿರಲಿ. ಕೋಣೆಯ ಗೆಳತಿಗೂ ಕೊಡು. ಮನೆಯಲ್ಲಿರುವವರಿಗೆಲ್ಲ ಕೊಡಬೇಕು ಎನ್ನುತ್ತಿದ್ದರು ಅಜ್ಜ.

ನಿನ್ನ
ಅಪ್ಪ